‘ನೇರಂ’ ಎಂದರೆ ನೇರವಲ್ಲ

ತೆಲುಗಿನಲ್ಲಿ ‘ನೇರಂ’ ಎಂದರೆ ಅಪರಾಧ; ಕನ್ನಡದಲ್ಲಿ ‘ನೇರ’ ಎಂದರೆ ಸರಳ, ಪ್ರಾಮಾಣಿಕ. ನಾರಾಯಣಪೇಟೆ, ಮಖ್ತಲ, ಗದ್ವಾಲ ಭಾಗದ ಕನ್ನಡಿಗರು ಸಂತೆಯಲ್ಲಿ ಇದಕ್ಕೆ ನಕ್ಕು ಮುಂದೆ ಸಾಗಬಹುದು. ಕಟಕಟೆಯಲ್ಲಿ ಹಾಗಾಗದು.

ಕ್ರಿಮಿನಲ್ ಪ್ರಕರಣದಲ್ಲಿ ಸಮನ್ಸ್ ಬಂದವರು ಬೆಳಿಗ್ಗೆ ಹತ್ತಕ್ಕೇ ನ್ಯಾಯಾಲಯದ ಆವರಣದಲ್ಲಿರುವುದು ಲೇಸು. ಹೆಸರು ಕೂಗಿದಾಗ ಇಲ್ಲದಿದ್ದರೆ ವಾರಂಟ್ ಹೊರಡಬಹುದು. ಮೊದಲ ದಿನ ಸಾಮಾನ್ಯವಾಗಿ ಸಾಕ್ಷಿ ವಿಚಾರಣೆ ನಡೆಯದು. ಆರೋಪಪಟ್ಟಿಯ ಪ್ರತಿ, ಜಾಮೀನು, ಮುಂದಿನ ತಾರೀಖು, ಬಹುತೇಕ ಇಷ್ಟೇ. ತಮ್ಮ ಕಥೆಯನ್ನೆಲ್ಲ ಹೇಳಿಕೊಳ್ಳಲು ಬಂದವರಿಗೆ ನಿರಾಸೆಯಾದೀತು.

ಸಣ್ಣ ಪ್ರಕರಣಗಳಲ್ಲಿ ಮಾತ್ರ ಹೆಚ್ಚಿನ ಎಚ್ಚರ ಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 274ನೇ ಕಲಮಿನಂತೆ, ಸಮನ್ಸ್ ಪ್ರಕರಣದ ಆರೋಪಿ ಹಾಜರಾದಾಗ ಮ್ಯಾಜಿಸ್ಟ್ರೇಟರು ಆರೋಪದ ವಿವರ ತಿಳಿಸಿ, ತಪ್ಪೊಪ್ಪಿಕೊಳ್ಳುವೆಯಾ ಎಂದು ಕೇಳುತ್ತಾರೆ. ಒಪ್ಪಿದರೆ ಅದರ ಮೇಲೆಯೇ ಶಿಕ್ಷೆ ವಿಧಿಸಬಹುದು. ಆ ಪ್ರಶ್ನೆ ತೆಲುಗಿನಲ್ಲಿ ಬಂದಾಗ ಅದರಲ್ಲಿ ‘ನೇರಂ’ ಇರುತ್ತದೆ, ‘ಒಪ್ಪು’ ಇರುತ್ತದೆ. ಎರಡೂ ಕನ್ನಡದ ಕಿವಿಗೆ ಪರಿಚಿತ ಶಬ್ದಗಳೇ. ಹಿರಿಯರೆದುರು ತಲೆಯಾಡಿಸುವ ಹಳ್ಳಿಯ ವಿನಯ ಇಲ್ಲಿ ಅಪಾಯಕಾರಿ.

‘ಸ್ವಾಮಿ, ನನಗೆ ತೆಲುಗು ಸರಿಯಾಗಿ ಬಾರದು, ಕನ್ನಡದಲ್ಲಿ ತಿಳಿಸಿರಿ’ ಎನ್ನುವುದು ಉದ್ಧಟತನವಲ್ಲ. ವಿಚಾರಣೆಯ ಹಂತದಲ್ಲಿಯೂ, ಆರೋಪಿಗೆ ತಿಳಿಯದ ಭಾಷೆಯ ಸಾಕ್ಷ್ಯವನ್ನು ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂದು 314ನೇ ಕಲಮು ವಿಧಿಸುತ್ತದೆ. ದುಭಾಷಿ ಸತ್ಯವಾಗಿಯೇ ಅನುವಾದಿಸಲು ಬದ್ಧನು. ಶಾಲೆಯಲ್ಲಿ ತೆಲುಗು ಕಲಿಯುವ ಮಗುವನ್ನು ತರಗತಿ ಬಿಡಿಸಿ ಈ ಕೆಲಸಕ್ಕೆ ಕರೆದೊಯ್ಯುವುದು ತರವಲ್ಲ.

ವಕೀಲರನ್ನಿಡಲು ಶಕ್ತಿಯಿಲ್ಲದವರು ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು ಹಾಗೂ ಬಂಧನದಲ್ಲಿರುವವರಿಗೆ ಆದಾಯದ ಮಿತಿಯಿಲ್ಲ. ಸಹಾಯವಾಣಿಯ ಸಂಖ್ಯೆ 15100.