ದನಿಯ ನಂಬಿಕೆ

ಧಾರವಾಡದ ಆಕಾಶವಾಣಿ ನಿಲಯವು 1950ರ ಜನವರಿ 8ರಂದು ಆರಂಭವಾದಂದಿನಿಂದ ರೋಣ, ನರಗುಂದ, ಗಜೇಂದ್ರಗಡದ ಮನೆಗಳಿಗೆ ಮುಖ ಕಾಣದ ದನಿಗಳು ಬರುತ್ತಲೇ ಇವೆ. ವಾರ್ತೆ ಓದುವವರನ್ನಾಗಲಿ, ಮಳೆಯ ಮುನ್ಸೂಚನೆ ಹೇಳುವವರನ್ನಾಗಲಿ ನಾವು ಕಂಡವರಲ್ಲ; ಆದರೂ ನಂಬಿದೆವು. ಆ ನಂಬಿಕೆಯಿಂದ ಕೇಡಾಗಲಿಲ್ಲ. ರೇಡಿಯೋದ ದನಿ ನಮ್ಮಿಂದ ಏನನ್ನೂ ಬೇಡುವುದಿಲ್ಲವಷ್ಟೆ! ಮೊಬೈಲಿನ ದನಿ ಹಾಗಲ್ಲ. ಅದು ಹೆಸರು ಹಿಡಿದು ಕರೆಯುತ್ತದೆ, ಉತ್ತರ ಕೇಳುತ್ತದೆ, ಒಮ್ಮೊಮ್ಮೆ ಜೀವಮಾನದ ಉಳಿತಾಯವನ್ನೇ ಕೇಳುತ್ತದೆ.

ಶ್ರೋತೃಗಳೆ, ಇದಕ್ಕೆ ದೂರದ ನಿದರ್ಶನ ಬೇಕಿಲ್ಲ. 2024ರ ಅಕ್ಟೋಬರ್ 27ರಂದು ಪ್ರಧಾನಮಂತ್ರಿಗಳು ‘ಮನ್ ಕೀ ಬಾತ್’ ಬಾನುಲಿ ಭಾಷಣದಲ್ಲಿ ಒಂದು ಸಂಭಾಷಣೆಯನ್ನು ದೇಶಕ್ಕೆ ಕೇಳಿಸಿದರು. ವಿಜಯಪುರದ ತರುಣನೊಬ್ಬನಿಗೆ ಬಂದ ಕರೆ ಅದು. ಪೊಲೀಸ್ ಅಧಿಕಾರಿಯ ವೇಷದವನೊಬ್ಬ, ನಿಮ್ಮ ಸಂಖ್ಯೆಯ ಮೇಲೆ ದೂರು ಬಂದಿದೆ, ಹೇಳಿಕೆ ಕೊಡಿ, ಆಧಾರ್ ತೋರಿಸಿ ಎಂದು ಒತ್ತಾಯಿಸುತ್ತಾನೆ. ತರುಣನು ಗಾಬರಿಗೊಳ್ಳದೆ, ಆಧಾರ್ ಈಗ ತನ್ನ ಬಳಿ ಇಲ್ಲವೆನ್ನುತ್ತ, ಎಲ್ಲವನ್ನೂ ದಾಖಲಿಸಿಕೊಂಡ.

ಈ ವಂಚನೆಗೆ ‘ಡಿಜಿಟಲ್ ಅರೆಸ್ಟ್’ ಎಂದು ಹೆಸರು. ಅಂಥ ಬಂಧನ ನಮ್ಮ ಯಾವ ಕಾನೂನಿನಲ್ಲಿಯೂ ಇಲ್ಲ. ಆದರೂ ಬಲೆಗೆ ಬಿದ್ದವರಲ್ಲಿ ವೈದ್ಯರಿದ್ದಾರೆ, ನಿವೃತ್ತ ಅಧಿಕಾರಿಗಳಿದ್ದಾರೆ. ಓದಿದವರಿಗೆ ಕಾಗದದ ಭಯ ಹೆಚ್ಚು, ಮರ್ಯಾದೆಯ ಭಯ ಇನ್ನೂ ಹೆಚ್ಚು ಎಂದು ನನ್ನ ಎಣಿಕೆ. ವಂಚಕನ ಮೊದಲ ಆಜ್ಞೆಯನ್ನು ಗಮನಿಸಿರಿ: ಬಾಗಿಲು ಹಾಕಿಕೊಳ್ಳಿ, ಮನೆಯವರಿಗೆ ಹೇಳಬೇಡಿ, ಕರೆ ಕಡಿಯಬೇಡಿ. ಅವನ ಬಲವೆಲ್ಲ ನಮ್ಮ ಒಂಟಿತನದಲ್ಲಿದೆ. ಹೆಂಡತಿಯನ್ನೋ ಮಗನನ್ನೋ ಪಕ್ಕದ ಮನೆಯವರನ್ನೋ ಕೂಗಿ ಕರೆದರೆ ಸಾಕು, ಆ ಸಮವಸ್ತ್ರದ ಅರ್ಧ ಠೀವಿ ಅಲ್ಲಿಯೇ ಕಳಚಿ ಬೀಳುತ್ತದೆ.

ಸರಕಾರದ ಆಜ್ಞೆಗೆ ಒಂದು ವಿಳಾಸವಿರುತ್ತದೆ. ಮಲಪ್ರಭಾ ನೀರಾವರಿಯ ಕರದ ವಿರುದ್ಧ 1980ರ ಜುಲೈ 21ರಂದು ನರಗುಂದದ ರೈತರು ನೆರೆದದ್ದು ತಹಶೀಲ್ದಾರ ಕಚೇರಿಯೆದುರು. ಆ ದಿನ ಗೋಲಿಬಾರಿನಲ್ಲಿ, ಸಾವಿನಲ್ಲಿ ಮುಗಿಯಿತು. ಆ ನೋವಿನ ಕಥೆ ಬೇರೆ. ಆದರೆ ಹೋಗಿ ಕೇಳಲು ಒಂದು ಕಚೇರಿ ಇತ್ತು. ಕರೆ ಮಾಡಿದವನು ಪೊಲೀಸನೆಂದರೆ, ಠಾಣೆಗೆ ಬಂದು ಮಾತಾಡುತ್ತೇನೆಂದು ಹೇಳಿ ಕರೆ ಕಡಿಯಿರಿ. ನಿಜವಾದ ಅಧಿಕಾರಿಗೆ ಇದರಿಂದ ಅಡ್ಡಿಯಿಲ್ಲ.

ಇನ್ನೊಂದು ಬಗೆ, ಲಗ್ನಪತ್ರಿಕೆಯದು. ನಮ್ಮಲ್ಲಿ ಲಗ್ನಪತ್ರಿಕೆ ಅರಿಷಿಣ-ಕುಂಕುಮ ಹಚ್ಚಿಕೊಂಡು ಬರುತ್ತದೆ. ವಾಟ್ಸ್ಆ್ಯಪಿನಲ್ಲಿ ಬರುವ ಒಂದು ಜಾತಿಯ ಪತ್ರಿಕೆ ಮಾತ್ರ ‘ಎಪಿಕೆ’ ಎಂಬ ಬಾಲ ಹಚ್ಚಿಕೊಂಡಿರುತ್ತದೆ. ಅದು ಪತ್ರಿಕೆಯಲ್ಲ, ಫೋನಿನೊಳಗೆ ನೆಲೆಯೂರುವ ಒಂದು ತಂತ್ರಾಂಶ. ನೀವು ಅನುಮತಿ ಒತ್ತಿದಿರೆಂದರೆ ನಿಮ್ಮ ಸಂದೇಶಗಳನ್ನು ಓದತೊಡಗುತ್ತದೆ. ಬ್ಯಾಂಕು ಕಳುಹಿಸುವ ಓಟಿಪಿ ನಿಮಗಿಂತ ಮುಂಚೆ ಕಳ್ಳನಿಗೆ ತಲುಪುತ್ತದೆ. ಕಳುಹಿಸಿದವರು ಬಂಧುಗಳೇ ಆಗಿದ್ದರೂ ಒಮ್ಮೆ ಕರೆ ಮಾಡಿ ಕೇಳಿ; ಅವರ ಫೋನು ಮೊದಲೇ ಕಳ್ಳನ ವಶವಾಗಿರಬಹುದು.

ಗಜೇಂದ್ರಗಡದಲ್ಲಿ ಪಟ್ಟೇದ ಅಂಚಿನ ಸೀರೆ ನೇಯುವವರಿಗೂ ಸಂತೆಯಲ್ಲಿ ಕಾಯಿಪಲ್ಯ ಮಾರುವವರಿಗೂ ಹೇಳಬೇಕಾದದ್ದು ಒಂದೇ ಮಾತು. ಯುಪಿಐ ಪಿನ್ ಹಣ ಕೊಡಲಿಕ್ಕೆ, ಪಡೆಯಲಿಕ್ಕಲ್ಲ. ಹಣ ಹಾಕುತ್ತೇನೆ, ಪಿನ್ ಒತ್ತಿ ಎಂದವನು ಕಳ್ಳನೇ.

ಹಣ ಹೋಗಿಯೇಬಿಟ್ಟರೆ? ನಾಚಿಕೆಪಟ್ಟು ರಾತ್ರಿಯೆಲ್ಲ ಕೂರಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿರಿ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹರಿಯುತ್ತಿರುವಾಗಲೇ ಸುದ್ದಿ ಮುಟ್ಟಿದರೆ ಬ್ಯಾಂಕುಗಳು ಅದನ್ನು ನಡುವೆ ತಡೆಹಿಡಿಯಬಲ್ಲವು. ತಡವಾದಷ್ಟೂ ಹಣ ಕೈಮೀರುತ್ತದೆ. ಆಮೇಲೆ ಹತ್ತಿರದ ಠಾಣೆಗೆ ಹೋಗಬಹುದು.

ಫೋನೇ ಕಳೆದರೆ ಅದನ್ನು ಯಾರೂ ಬಳಸದಂತೆ ತಡೆಯಲು 2023ರಿಂದ ‘ಸಂಚಾರ್ ಸಾಥಿ’ ವ್ಯವಸ್ಥೆ ದೇಶದೆಲ್ಲೆಡೆ ಇದೆ. ಅದಕ್ಕೆ ಫೋನಿನ 15 ಅಂಕಿಗಳ ಗುರುತುಸಂಖ್ಯೆ ಬೇಕು. *#06# ಒತ್ತಿದರೆ ಅದು ಪರದೆಯ ಮೇಲೆ ಮೂಡುತ್ತದೆ. ಇವತ್ತೇ ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿರಿ. ಫೋನಿನಲ್ಲಿ ಮಾತ್ರ ಬರೆದಿಟ್ಟರೆ ಫೋನಿನೊಡನೆ ಅದೂ ಹೋಗುತ್ತದೆ.