ಅರಿಶಿನ ಕೆಂಪಾಗೋದ್ಯಾಕೆ?

ಚಾಮರಾಜನಗರದಿಂದ ಸತ್ಯಮಂಗಲದ ಕಡೆ ಹೊರಟ್ರೆ, ತಮಿಳುನಾಡು ಗಡಿಗೆ ಮುಂಚೆ ಪುಣಜನೂರು ಸಿಗುತ್ತೆ. ಈ ಸೀಮೆಯ ಬೆಳೆ ಅರಿಶಿನ. ಇವತ್ತು ಅದೇ ನಮ್ಮ ಲ್ಯಾಬ್.

ಸಾರು ಚೆಲ್ಲಿದ ಬಿಳಿ ಶರ್ಟಿಗೆ ಸೋಪು ಹಚ್ಚಿ, ಹಳದಿ ಕಲೆ ಕೆಂಪಾಗುತ್ತೆ. ನಿಂಬೆ ಹಿಂಡಿ, ಮತ್ತೆ ಹಳದಿ. ಆರತಿ ತಟ್ಟೆಯ ಕೆಂಪು ನೀರೂ ಹೀಗೇ: ಅರಿಶಿನಕ್ಕೆ ಸುಣ್ಣ.

ಯಾಕೆ? ಹೈಡ್ರೋಜನ್ ಅಯಾನು ಬಿಟ್ಟುಕೊಡೋದು ಆಮ್ಲ, ಅದನ್ನ ಕಿತ್ಕೊಳ್ಳೋದು ಪ್ರತ್ಯಾಮ್ಲ. ಅರಿಶಿನದ ಕರ್ಕ್ಯುಮಿನ್‌ನಿಂದ ಸುಣ್ಣ ಆ ಅಯಾನು ಕಿತ್ಕೊಂಡಾಗ ಬಣ್ಣ ಬದಲಾಗುತ್ತೆ. ನಿಂಬೆ ಅದನ್ನ ವಾಪಸ್ ಕೊಡುತ್ತೆ. ಅಳತೆಗೆ ಪಿಎಚ್ ಇದೆ: 7 ತಟಸ್ಥ, ನಿಂಬೆರಸ ಸುಮಾರು 2, ಸುಣ್ಣದ ತಿಳಿನೀರು ಸುಮಾರು 12. ಒಂದೊಂದು ಅಂಕೆಗೂ 10 ಪಟ್ಟು ವ್ಯತ್ಯಾಸ.

ಈಗ ಮುಖ್ಯ ಮಾತು. ಎಲೆ-ಅಡಿಕೆಯ ಸುಣ್ಣದ ಪ್ಯಾಕೆಟ್‌ನ ಮಗು ಒತ್ತಿ, ಕಣ್ಣಿಗೆ ಸಿಡೀತು ಅಂದ್ಕೊಳ್ಳಿ. ಶರ್ಟಿನ ಲೆಕ್ಕ ಇಲ್ಲಿ ನಡೆಯಲ್ಲ, ನಿಂಬೆ ಹಿಂಡಲೇಬೇಡಿ. ಸುಣ್ಣ ಕಣ್ಣಿನ ಒಳಕ್ಕೆ ಇಳೀತಾ ಸುಡುತ್ತೆ, ನಿಂಬೆ ಇನ್ನಷ್ಟು ಗಾಯ ಮಾಡುತ್ತೆ. ತಕ್ಷಣ ರೆಪ್ಪೆ ತೆರೆದು, ಶುದ್ಧ ನೀರಲ್ಲಿ ಅರ್ಧ ಗಂಟೆ ತೊಳೀತಾನೇ ಇರಿ. ಆಮೇಲೆ ನೇರ ಆಸ್ಪತ್ರೆಗೆ.

ಮನೇಲಿ ಎಲೆ-ಅಡಿಕೆ ಹಾಕೋ ಅಜ್ಜಿಗೂ ಇದನ್ನ ಕೇಳಿಸಿ.