ಕೋಳಿಗೂಡಿನ ತಂತಿಜಾಲರಿಯನ್ನು ಅಪಾಯವಿಲ್ಲದೆ ಕತ್ತರಿಸುವ ಕ್ರಮ

ಹೊನ್ನಾವರ ತಾಲೂಕಿನ ಹಳದೀಪುರದಂಥ ಕರಾವಳಿಯ ಗ್ರಾಮಗಳಲ್ಲಿ ಮುಂಗುಸಿ, ಕಾಡುಬೆಕ್ಕು, ಹಾವು ಮುಂತಾದವುಗಳಿಂದ ಕೋಳಿಗಳನ್ನು ಕಾಯಲು ಗೂಡಿಗೆ ತಂತಿಯ ಜಾಲರಿಯನ್ನು ಹಾಕಿಸುವುದು ಉಚಿತವೇ ಸರಿ. ಆದರೆ ಅದನ್ನು ಕತ್ತರಿಸುವಾಗ ಅಜಾಗ್ರತೆ ಮಾಡಿದರೆ, ಕೋಳಿಯನ್ನು ಉಳಿಸಹೋಗಿ ಕಣ್ಣನ್ನೋ ಹಸುವನ್ನೋ ಕಳೆದುಕೊಳ್ಳುವ ಪ್ರಸಂಗವು ಬರಬಹುದು.

ಜಾಲರಿಯು ಸುರುಳಿಯಾಗಿ ಬರುವುದರಿಂದ, ಬಿಡಿಸಿದೊಡನೆ ಮತ್ತೆ ಸುತ್ತಿಕೊಳ್ಳಲು ಪುಟಿಯುತ್ತದೆ. ಆದಕಾರಣ ಅದನ್ನು ಸಮನಾದ ನೆಲದ ಮೇಲೆ ಹಾಸಿ, ಕಡಿಯುವ ಗೆರೆಯ ಎರಡೂ ಪಕ್ಕಗಳಲ್ಲಿ ಹಲಗೆಯಿಟ್ಟು ಕಲ್ಲು ಹೇರತಕ್ಕದ್ದು. ಕಣ್ಣಿಗೆ ಕನ್ನಡಕ, ಕೈಗೆ ಚರ್ಮದ ಕೈಚೀಲ, ಕಾಲಿಗೆ ಮುಚ್ಚಿದ ಜೋಡು ಅವಶ್ಯ. ಮಕ್ಕಳನ್ನು ಹತ್ತಿರ ಬಿಡಬಾರದು.

ಅಡಿಕೆಕತ್ತರಿ, ಕತ್ತಿಗಳಿಂದ ಜಾಲರಿಯನ್ನು ಕಡಿಯಲಾಗದು. ತಗಡು ಕತ್ತರಿಸುವ ಕತ್ತರಿಯನ್ನಾಗಲಿ ತಂತಿ ಕಡಿಯುವ ಇಕ್ಕಳವನ್ನಾಗಲಿ ಉಪಯೋಗಿಸಿ, ಒಂದೊಂದೇ ಎಳೆಯನ್ನು ಕಡಿಯಬೇಕು. ಮುಖವನ್ನು ಗೆರೆಯ ಮೇಲಕ್ಕೆ ಬಾಗಿಸಬಾರದು. ಬೆಸುಗೆಯ ಚೌಕಕಣ್ಣಿನ ಜಾಲರಿಯಾದರೆ ಅಡ್ಡತಂತಿಗೆ ತಾಗಿಯೇ ಕಡಿದು, ಉಳಿದ ಮೊನೆಯನ್ನು ಅರದಿಂದ ಉಜ್ಜಬೇಕು. ಆರು ಮೂಲೆಯ ಕಣ್ಣಿನ ಹೆಣೆದ ಜಾಲರಿಯಾದರೆ ಕಣ್ಣಿನ ನಡುವೆ ಕಡಿದು, ಉಳಿದ ಬಾಲಗಳನ್ನು ಪಕ್ಕದ ತಂತಿಗೆ ಹಿಂದಕ್ಕೆ ಸುತ್ತಬೇಕು. ಅಂಚನ್ನು ಮರದ ಪಟ್ಟಿಯ ಕೆಳಗೆ ಸಿಕ್ಕಿಸಿ ಮೊಳೆ ಹೊಡೆಯುವುದಕ್ಕಾಗಿ ಅಳತೆಗಿಂತ ಮೂರು ಅಂಗುಲ ಹೆಚ್ಚಾಗಿ ಕತ್ತರಿಸುವುದು ಲೇಸು. ಕಡಿದ ತುದಿಯಲ್ಲಿ ಸತುವಿನ ಲೇಪವಿರುವುದಿಲ್ಲ. ಉಪ್ಪುಗಾಳಿಗೆ ಅಲ್ಲಿಂದಲೇ ತುಕ್ಕು ಹತ್ತುತ್ತದೆ. ಅಲ್ಲಿಗೆ ಸತುವಿನ ಬಣ್ಣ ಬಳಿಯತಕ್ಕದ್ದು.

ಇನ್ನು ಮುಖ್ಯವಾದ ಮಾತು, ಬಿದ್ದ ಚೂರುಗಳದ್ದು. ಹಳದೀಪುರದ ಕಡೆಗೆ ತಿರುಗಾಟದಲ್ಲಿದ್ದಾಗ, ಕೊಟ್ಟಿಗೆಯ ಪಕ್ಕದಲ್ಲಿಯೇ ಜಾಲರಿ ಕಡಿದು, ಚೂರುಗಳನ್ನು ಹುಲ್ಲಿನೊಳಗೆ ಬಿಟ್ಟುದನ್ನು ನಾನು ಕಂಡೆನು. ಮಿನುಗುವ ಚೂರನ್ನು ಕೋಳಿಯು ಕುಕ್ಕಿ ನುಂಗುತ್ತದೆ. ಆಗ ಮೊನೆಯು ಹೊಟ್ಟೆಯನ್ನು ಚುಚ್ಚುವುದಲ್ಲದೆ, ಸತುವು ವಿಷವೂ ಆಗಬಹುದು. ಹಸುವಂತೂ ಮೇವನ್ನು ಚೆನ್ನಾಗಿ ಅಗಿಯದೆ ನುಂಗುವ ಪ್ರಾಣಿ. ಮೇವಿನೊಡನೆ ಹೋದ ತಂತಿಯು ಅದರ ಎರಡನೆಯ ಹೊಟ್ಟೆಯಲ್ಲಿ ನಿಲ್ಲುತ್ತದೆ. ಆ ಹೊಟ್ಟೆಯು ಹೃದಯಕ್ಕೆ ಅತಿ ಸಮೀಪವಾದುದರಿಂದ, ತಂತಿಯು ಮುಂದಕ್ಕೆ ಚುಚ್ಚಿಕೊಂಡು ಹೃದಯವನ್ನು ತಗುಲಿದರೆ ಹಸುವು ಉಳಿಯುವುದು ದುರ್ಲಭ. ಮೇವು ಬಿಟ್ಟು, ಬೆನ್ನು ಬಾಗಿಸಿ, ನಡೆಯಲು ಹಿಂಜರಿಯುವ ಹಸುವನ್ನು ತಡವಿಲ್ಲದೆ ಪಶುವೈದ್ಯರಿಗೆ ತೋರಿಸತಕ್ಕದ್ದು.

ಆದ್ದರಿಂದ ಕಡಿಯುವ ಸ್ಥಳವು ಕೊಟ್ಟಿಗೆಗೂ ಹುಲ್ಲುಬಣವೆಗೂ ದೂರವಿರಲಿ. ಕೆಳಗೆ ಹಳೆಯ ತಾಡಪತ್ರಿಯನ್ನು ಹಾಸಿರಿ. ಕೆಲಸ ಮುಗಿದ ಬಳಿಕ ಹಗ್ಗಕ್ಕೆ ಕಟ್ಟಿದ ಸೂಜಿಗಲ್ಲನ್ನು ನೆಲದ ಮೇಲೆ ಎಳೆದರೆ ಅಡಗಿದ ಚೂರುಗಳೂ ಅಂಟಿಕೊಳ್ಳುವವು.

ಕೈಗೆ ಗಾಯವಾದರೆ ಸಾಬೂನು ನೀರಿನಿಂದ ತೊಳೆದು, ಧನುರ್ವಾಯುವಿನ ಚುಚ್ಚುಮದ್ದಿನ ವಿಷಯವಾಗಿ ವೈದ್ಯರನ್ನು ಕಾಣಬೇಕು. ಕಣ್ಣಿಗೆ ತಂತಿ ನಾಟಿದರೆ ಉಜ್ಜಬಾರದು, ಕೀಳಬಾರದು; ಒತ್ತದೆ ಮರೆಮಾಡಿ ಕೂಡಲೆ ಆಸ್ಪತ್ರೆಗೆ ಒಯ್ಯಬೇಕು.

ಊರ ಪ್ರಮುಖರು ಒಂದು ಒಳ್ಳೆಯ ಕತ್ತರಿ, ಕನ್ನಡಕ, ಸೂಜಿಗಲ್ಲುಗಳನ್ನು ತಮ್ಮಲ್ಲಿಟ್ಟು ಬೇಕಾದವರಿಗೆ ಎರವು ಕೊಟ್ಟರೆ, ಅಲ್ಪ ವೆಚ್ಚದಲ್ಲಿ ಊರಿಗೆಲ್ಲ ಉಪಕಾರವಾದೀತು.